ಅರ್ಧಕ್ಕ ಬಿಟ್ಟ ಗುಳಗಿ

ಬಸುರಿದ್ದಾಗ ಮೂತ್ರ ಉರಿದ್ರ ನಿಮ್ಮ ಮನ್ಯಾಗೂ "ಉಷ್ಣ ಆಗೇದ, ಹವೀಜದ ನೀರ ಕುಡಿ" ಅಂದಿದ್ರೇನ್ರಿ? ಖರೇ ಹೇಳ್ರಿ, ನಾಚಬ್ಯಾಡ್ರಿ.

ನಿನ್ನಿ ಅಕ್ಕಲಕೋಟದಾಗ ಒಬ್ಬರ ಮನಿಗಿ ಹೋಗಿದ್ನಿ. ಅಡಗಿಮನ್ಯಾಗ ತಂಬಗಿಯೊಳಗ ಹವೀಜ, ಅಂದ್ರ ಕೊತ್ತಂಬರಿ ಬೀಜ, ನೆನಿ ಇಟ್ಟಿದ್ರು. ಆ ವಾಸನಿಗಿ ನಮ್ಮ ಬಾಜೂ ಮನಿ ವೈನಿ ಕಣ್ಮುಂದ ಬಂದು ನಿಂತ್ಲು...

ಸೋಲಾಪುರದಾಗ ನಮ್ಮಿಬ್ಬರ ಮನಿ ನಡುವ ಒಂದ ಗ್ವಾಡಿ. ನನಗಿಂತ ಸಣ್ಣಾಕಿ, ಆದ್ರೂ ಅಣ್ಣನ ಹೆಂಡ್ತಿಗಿ ಅಂದಂಗ ವೈನಿ ಅಂತಿದ್ನಿ. ಭಾಳ ವರ್ಷ ಕಾದು ಆಗಿದ್ದ ಮೊದಲ ಬಸುರು. ಆಕಿ ಅತ್ತಿ ಕಣ್ಣಾಗ ಇಟಗೊಂಡು ನೋಡ್ಕೋತಿದ್ಲು, ಸುಳ್ಳ ಹೇಳಬಾರದು.

ಬ್ಯಾಸಗ್ಯಾಗ ವೈನಿಗಿ ಉರಿ ಶುರು ಆತು. ಹವೀಜದ ನೀರು, ಅಂಗಾಲಿಗಿ ಔಡಲೆಣ್ಣಿ, ಎಲ್ಲಾ ಆತು. ಕಡಿಮಿ ಆಗಲಿಲ್ಲ. ಕಡಿಗಿ ಡಾಕ್ಟರಬಾಯಿ ಮೂತ್ರ ತಪಾಸ ಮಾಡಿಸಿ, ಇನ್ಫೆಕ್ಷನ್ ಆಗೇದ ಅಂತ ಗುಳಗಿ ಕೊಟ್ಲು. ಪೂರಾ ಮುಗಸಬೇಕು ಅಂದಿದ್ಲು.

ಗುಳಗಿ ಶುರು ಮಾಡಿದ್ ಕೂಡ್ಲೆ ಉರಿ ನಿಂತಿತು. ಅತ್ತಿ ಉಳದ ಗುಳಗಿ ಕಪಾಟಿನಾಗ ಇಟ್ಟಬಿಟ್ಲು.

"ಉರಿ ಹೋತಲ್ಲ, ಇನ್ನ್ಯಾಕ? ಈ ಗುಳಗಿ ಭಾಳ ಗರಂ. ಕೂಸಿಗಿ ತಾಪ ಆಗ್ತದ."

"ಮಾವಶಿ, ಡಾಕ್ಟರಬಾಯಿ ಪೂರಾ ತಿನ್ನು ಅಂದಾಳಲ್ಲ," ಅಂದ್ನಿ.

"ನೀ ಎಷ್ಟ ಹಡದೀಯವ್ವಾ, ನನಗ ಹೇಳಾಕ?"

ನನಗ ಮಕ್ಕಳಿಲ್ಲ. ವೈನಿ ನಕ್ಕೋತ, "ಬಿಡ್ರಿ ಅಕ್ಕಾ, ಹೊಟ್ಟಿ ಇವರದು, ನಾ ಬರೇ ಹೊತ್ಕೊಂಡು ತಿರಗಾಕಿ," ಅಂದ್ಲು.

ಏಳನೇ ತಿಂಗಳಾಗ ಕುಬಸ. ಹಸರ ಸೀರಿ, ಕೈ ತುಂಬ ಹಸರ ಬಳಿ. ಆರತಿ ಅಕ್ಕನೇ ಮಾಡ್ಲಿ ಅಂತ ವೈನಿ ಹಟಾ ಹಿಡದಿದ್ಲು. ಆದ್ರ ಕಟ್ಟಿಗಿ ಮಣಿ ಮ್ಯಾಲ ಕೂತಾಕಿ ಗಡಗಡ ನಡಗಾಕತ್ತಿದ್ಲು. "ಅಕ್ಕಾ, ಬೆನ್ನು ಒಂದ ಬಾಜೂ ಸೀಳಿದಂಗ ಆಗ್ತದ," ಅಂತ ಕಿವ್ಯಾಗ ಅಂದ್ಲು. ಹಣಿ ಮುಟ್ಟಿದ್ರ ಹಂಚಿನಂಗ ಸುಡತಿತ್ತು. ದವಾಖಾನಿಗಿ ಒಯ್ಯೂಣ ನಡೀರಿ ಅಂತ ಎಲ್ಲಾರ ಮುಂದ ಹೇಳೇಬಿಟ್ನಿ.

ಅತ್ತಿ ಅಂದ್ಲು, "ನದರ ತಾಗೇದ. ಉಡಿ ತುಂಬಾಕ ಕೂತಾಕಿನ್ನ ನಡುವ ಎಬ್ಬಸಬಾರ್ದು."

ಮೆಣಸಿನಕಾಯಿಲೆ ದೃಷ್ಟಿ ತಗದ್ರು...

ಮರುದಿನ ಬ್ಯಾನಿ. ಸಲಾಯಿನ್ ಹಚ್ಚಾಕ ಜಾಗಾ ಇಲ್ಲಂತ ನರ್ಸಬಾಯಿ ಆ ಬಳಿ ಒಂದೊಂದ ತಗದು ನನ್ನ ಕೈಯಾಗ ಇಟ್ಲು. ಗಂಡ ಕೂಸು, ಎರಡ ಅಂಗೈಯಾಗ ಹಿಡಿಯೂವಷ್ಟು. ಅಳಲೇ ಇಲ್ಲ. ವೈನಿ ಜ್ವರದಾಗ, "ಕೂಸು ಅತ್ತಿತೇನ್ರಿ ಅಕ್ಕಾ?" ಅಂತ ಕೇಳಿಕೋತನೇ ಇದ್ಲು. "ಹೂಂ" ಅಂದ್ವಿ. ಆ ಹೂಂ ನಂಬಕೊಂಡೇ ಆಕಿನೂ ಹೋದ್ಲು.

ಮೂತ್ರದಾಗಿನ ಬ್ಯಾಕ್ಟೀರಿಯಾ ಕಿಡ್ನಿಗಿ ಏರಿ ರಕ್ತದಾಗ ಸೇರ್ಯಾವ ಅಂದ್ಲು ಡಾಕ್ಟರಬಾಯಿ. ತಿಂಗಳ ತುಂಬೂದ್ರಾಗ ಬ್ಯಾನಿ ಬರಾಕ ಅದೂ ಕಾರಣ ಇದ್ದೀತು, ಬರೇ ಅದೇ ಅಂತ ಹೇಳಾಕ ಬರಾಂಗಿಲ್ಲ ಅಂದ್ಲು.

ಅತ್ತಿ ಮಾತ್ರ ಇವತ್ತಿಗೂ ನದರ ಅಂತಾಳ. ಯಾರದು? ಬಂಜಿ ನಾ, ಮಣಿ ಮುಂದ ನಿಂತಾಕಿ. ನನ್ನ ಕಣ್ಣು ಆಕಿ ಕಿಡ್ನ್ಯಾಗ ಹೆಂಗ ಹೋಗ್ತದ್ರಿ? ಸಿಟ್ಟ ಬರ್ತದ. ಆದ್ರ ಮುದುಕಿ ಬಾಗಲಾಗ ಕೂತಿದ್ದ ನೋಡಿದ್ರ ಬಾಯಿಗಿ ಬಂದಿದ್ದು ನುಂಗತೀನಿ. ಗುಳಗಿ ಬಿಡಸಿದ್ದೇ ತಪ್ಪಾತು ಅಂತ ಒಪ್ಪಿದ್ರ ಆಕಿ ಹೆಂಗ ಬದಕಬೇಕು...

ಗ್ವಾಡಿ ಆ ಕಡಿ ಈಗ ನಗು ಕೇಳಂಗಿಲ್ಲ.

ನಿಮ್ಮ ಮನ್ಯಾಗ, ನಿಮ್ಮ ಓಣ್ಯಾಗ ಹಿಂಗಾಗಿದ್ರ ಕೆಳಗ ಬರೀರಿ. ಕನ್ನಡ ಬರಿಯಾಕ ಬರದಿದ್ರ ಮರಾಠ್ಯಾಗ ಬರೀರಿ, ಅದೂ ಆಗದಿದ್ರ ಬಾಯಿಲೆ ಹೇಳಿ ಕಳಸ್ರಿ. ವೈನಿ ಹೆಸರು ನಾ ಬರದಿಲ್ಲ, ನೀವೂ ನಿಮ್ಮವರ ಹೆಸರು ಬರೀಬ್ಯಾಡ್ರಿ. ಏನಾತು, ಅಷ್ಟ ಹೇಳ್ರಿ.