ಮೂರು ಬೆರಳಿನ ಅಂತರ

ಮಕ್ಕಳೇ, ದೇವರ ಗೂಡಿನಲ್ಲಿರುವ ಆ ಮರದ ತುಂಡು ಯಾಕೆ ಅಲ್ಲಿದೆ ಎಂದು ನೀವು ಕೇಳಿದಾಗಲೆಲ್ಲ ನಾನು ಮಾತು ಮರೆಸಿದ್ದೇನೆ. ಹೇಳಲು ಸಂಕೋಚ. ಸತ್ತವರು ಬಂದು ಹೋದರು ಎಂದು ಯಾರಾದರೂ ಕತೆ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ನಿಟ್ಟೂರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದು ಅಷ್ಟೇ ಆದರೂ ಅಂಥದ್ದನ್ನು ನಂಬಿದವಳಲ್ಲ. ಈಗ ನಂಬುತ್ತೇನೆ ಎಂದೂ ಹೇಳುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ, ಓದಿಕೊಳ್ಳಿ.

ನಿಮ್ಮ ತಾತ ತುಮಕೂರಿನ ಹೊರಗೆ ತಾಮ್ರ ಶುದ್ಧ ಮಾಡುವ ಒಂದು ಸಣ್ಣ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದರು. ಅಲ್ಲೇ ತಗಡು ತೊಳೆಯುವ ಕೆಲಸ ನನ್ನದು. ಅಲ್ಲಿ ಮೂರು ಉದ್ದನೆಯ ತೊಟ್ಟಿಗಳಿದ್ದವು. ಅವುಗಳ ತುಂಬ ಆಸಿಡ್ ಬೆರೆಸಿದ ನೀಲಿ ನೀರು. ಅದರೊಳಗೆ ಕಲಬೆರಕೆ ತಾಮ್ರದ ದಪ್ಪ ಹಲಗೆ ಒಂದು, ಶುದ್ಧ ತಾಮ್ರದ ತೆಳು ತಗಡು ಒಂದು, ಹೀಗೆ ಸಾಲಾಗಿ ತೊಟ್ಟಿಯ ಮೇಲೆ ಅಡ್ಡವಿಟ್ಟ ಸಲಾಕೆಗಳಿಂದ ಇಳಿಬಿಡುತ್ತಿದ್ದರು. ಕರೆಂಟು ಕೊಟ್ಟರೆ ಹಲಗೆಯ ತಾಮ್ರ ಕರಗಿ ಬಂದು ತಗಡಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಕಸರು ಕೆಳಗೆ ಕೂರುತ್ತದೆ. ಎರಡರ ನಡುವಿನ ಅಂತರವೇ ಆ ಕೆಲಸದ ಜೀವ. ದೂರವಾದರೆ ಕರೆಂಟು ದಂಡ, ಹತ್ತಿರವಾದರೆ ತಾಮ್ರ ಗಂಟುಗಂಟಾಗಿ ಬೆಳೆದು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಇಡೀ ತೊಟ್ಟಿ ಕೆಡುತ್ತದೆ.

ಮಾಲೀಕರು ಮೊದಲಿಂದಲೂ ನಾಲ್ಕು ಬೆರಳು ಬಿಡಿಸುತ್ತಿದ್ದರು. ತಾತನಿಗೆ ಅದು ಸರಿ ಕಾಣುತ್ತಿರಲಿಲ್ಲ. "ಮೂರ್ ಬೆರಳು ಸಾಕು ಕಣೇ. ಹಲಗೆ ನೆಟ್ಟಗಿದ್ರೆ ಯಾಕ್ ತಾಗ್ತದೆ? ಕರೆಂಟೆಲ್ಲ ಸುಮ್ನೆ ನೀರು ಬಿಸಿ ಮಾಡ್ಕೊಂಡು ಹೋಯ್ತಾ ಐತೆ," ಎಂದು ಊಟಕ್ಕೆ ಕೂತಾಗಲೂ ಅದೇ ಮಾತು. ಸೊಟ್ಟ ಹಲಗೆಗಳನ್ನು ಮರದ ಸುತ್ತಿಗೆಯಿಂದ ತಟ್ಟಿ ನೇರ ಮಾಡಿ ಒಂದು ತೊಟ್ಟಿಗಾಗುವಷ್ಟು ಜೋಡಿಸಿಟ್ಟರು. ಅವನ್ನು ತೊಟ್ಟಿಗಿಳಿಸಿ ಕಟ್ಟಿ ನೋಡುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಕೆಲವು ತಿಂಗಳಾದ ಮೇಲೆ ಮಾಲೀಕರು ನನ್ನನ್ನು ಕರೆದರು. "ಮೇಸ್ತ್ರಿ ಹೇಳ್ತಿದ್ದಂಗೆ ಒಂದ್ ತೊಟ್ಟಿ ಕಟ್ಟಿ ನೋಡಣಮ್ಮ. ಕೆಟ್ರೆ ಇಲ್ಲಿ ಈ ಕೆಲ್ಸಾನೇ ನಿಲ್ಲಿಸ್ಬಿಡ್ತೀನಿ, ತಾಮ್ರ ಹೊರಗ್ ಕಳಿಸ್ತೀನಿ. ಅವ್ರ ಅಳತೆ ನಿಮಗಲ್ವಾ ಗೊತ್ತಿರೋದು," ಎಂದರು. ನನ್ನ ಕೆಲಸ ಮಾತ್ರವಲ್ಲ, ತಾತನ ಮಾತೂ ಆ ತೊಟ್ಟಿಯಲ್ಲಿ ಇತ್ತು.

ಕುಣಿಗಲ್ ಕಡೆಯ ಇಬ್ಬರು ಆಳುಗಳು ಚೈನ್ ಪುಲಿಯಲ್ಲಿ ಹಲಗೆ ಇಳಿಸಿದರು. ನಾನು ಸಲಾಕೆಗಳ ನಡುವೆ ಮೂರು ಬೆರಳಿಟ್ಟು ತೋರಿಸುತ್ತಾ ಹೋದೆ. ವಾಚ್‌ಮನ್ ಸಿದ್ದಪ್ಪ ಪಕ್ಕದಲ್ಲಿ ನಿಂತು, "ಏನಕ್ಕಾ, ಈಬೂತಿ ಇಕ್ಕೋ ಬೆರಳಲ್ಲೇ ಕಾರ್ಖಾನೆ ನಡೆಸ್ಬುಡ್ತೀಯಾ?" ಎಂದು ನಗಾಡಿದ. ಕೊನೆಯ ಹಲಗೆ ಇಳಿದ ಮೇಲೆ ತೊಟ್ಟಿಯ ತುದಿಯಲ್ಲಿ ಗೇಣಗಲ ಜಾಗ ಉಳಿಯಿತು. ಅದೂ ತಾತನ ಲೆಕ್ಕವೇ ಇರಬೇಕು ಎಂದುಕೊಂಡೆ. ಕರೆಂಟು ಕೊಟ್ಟರು.

ಸಂಜೆ ಕ್ಯಾತ್ಸಂದ್ರದ ಮನೆಗೆ ಬಂದು ಕೈಕಾಲು ತೊಳೆದು ವಿಭೂತಿ ಇಟ್ಟುಕೊಳ್ಳುತ್ತಿದ್ದೆ. ದೇವರ ಗೂಡಿನ ಕೆಳಗೆ ತಾತನ ಹತಾರದ ಪೆಟ್ಟಿಗೆ ಇತ್ತು. ಕೊನೆಯ ಆಯುಧಪೂಜೆಯಲ್ಲಿ ಅವರು ತಮ್ಮ ಮೂರು ಬೆರಳಿಂದ ಎಳೆದ ವಿಭೂತಿ ಪಟ್ಟೆ ಅದರ ಮೇಲೆ ಹಾಗೇ ಉಳಿದಿತ್ತು. ಯಾಕೋ ನನ್ನ ಮೂರು ಬೆರಳುಗಳನ್ನು ಅದರ ಮೇಲೆ ಇಟ್ಟೆ. ಎರಡೇ ಪಟ್ಟೆ ಮುಚ್ಚಿದವು. ಮೂರನೆಯದು ಹೆಚ್ಚುಕಮ್ಮಿ ಪೂರ್ತಿ ಹೊರಗೇ ಉಳಿಯಿತು.

ಮೂರು ಬೆರಳು ಎಂದರೆ ತಾತನ ಬೆರಳು. ನಾನು ಇಡೀ ತೊಟ್ಟಿಯನ್ನು ನನ್ನ ಬೆರಳಿಗೆ ಕಟ್ಟಿಬಿಟ್ಟಿದ್ದೆ. ಮಾಲೀಕರ ನಂಬರು ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಗಂಡನ ಕೆಲಸವನ್ನು ನಾನೇ ಕೆಡಿಸಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಬೀಗ ತೆಗೆಯುತ್ತಾ ಸಿದ್ದಪ್ಪ, "ಯಾಕಕ್ಕ ಮೊಖ ಹಿಂಗೈತೆ? ಉಸಾರಿಲ್ವಾ?" ಎಂದ. ರಾತ್ರಿ ಮಾಲೀಕರೇನಾದರೂ ಬಂದಿದ್ದರಾ ಎಂದು ಕೇಳಿದೆ. "ಯಾರ್ ಬತ್ತಾರೆ? ಬೀಗದ ಕೈ ನನ್ ಸೊಂಟದಲ್ಲೇ ಐತಲ್ಲ," ಎಂದ.

ಶಾರ್ಟ್ ಆದ ಸಲಾಕೆ ಕಾದಿರುತ್ತದೆ, ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತದೆ. ಒಂದೊಂದಕ್ಕೂ ಚಿಮುಕಿಸಿದೆ. ಯಾವುದೂ ಸದ್ದು ಮಾಡಲಿಲ್ಲ. ಬಗ್ಗಿ ಎರಡು ಸಲಾಕೆಗಳ ನಡುವೆ ನನ್ನ ಮೂರು ಬೆರಳಿಟ್ಟೆ. ಸಡಿಲ. ಪಕ್ಕದ್ದಕ್ಕೆ ಇಟ್ಟೆ, ಅದೂ ಅಷ್ಟೇ ಸಡಿಲ. ಕೊನೆಯವರೆಗೂ ಹಾಗೇ. ತುದಿಯಲ್ಲಿ ಉಳಿದಿದ್ದ ಗೇಣಗಲ ಜಾಗವೇ ಇರಲಿಲ್ಲ. ಹಲಗೆಗಳನ್ನು ಯಾರಾದರೂ ಸರಿಸಿದ್ದರೆ ಸಲಾಕೆಯ ಬುಡದಲ್ಲಿ ರಾತ್ರಿ ಕಟ್ಟುವ ನೀಲಿ ಉಪ್ಪು ಒಡೆದಿರಬೇಕಿತ್ತು. ಒಂದು ಕಡೆಯೂ ಒಡೆದಿರಲಿಲ್ಲ.

ಸಿದ್ದಪ್ಪನೂ ಬಂದು ನೋಡಿದ. "ನೆನ್ನೆ ಈ ತುದೀಲಿ ಜಾಗ ಇತ್ತಲ್ವೇನಕ್ಕ?" ಎಂದ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ಮತ್ತೆ ನೋಡಿದ.

ದಿನ ತುಂಬಿದ ಮೇಲೆ ತೆಗೆದರೆ ತಗಡುಗಳು ಗಂಟಿಲ್ಲದೆ ನುಣ್ಣಗೆ ಬಂದವು. ಮಾಲೀಕರು ಸಂತೋಷಪಟ್ಟು, ಉಳಿದೆರಡು ತೊಟ್ಟಿಗೂ ಇದೇ ಇರಲಿ, ನಿಮ್ಮ ಬೆರಳಿನ ಅಳತೆಗೆ ಒಂದು ಮರದ ತುಂಡು ಮಾಡಿಸಿ ಎಂದರು. ನಾನು ನನ್ನ ಬೆರಳು ಕೊಡಲಿಲ್ಲ. ಪೆಟ್ಟಿಗೆಯ ಪಟ್ಟೆಗೆ ತೆಂಗಿನ ಕಡ್ಡಿ ಹಿಡಿದು ಅಳೆದು, ಬಡಗಿಗೆ ಕೊಟ್ಟು ಮಾಡಿಸಿದೆ. ಅದನ್ನು ಆ ತೊಟ್ಟಿಯ ಸಲಾಕೆಗಳ ನಡುವೆ ಇಟ್ಟಾಗ ಅಲ್ಲಾಡದೆ ಕೂತಿತು. ಆಮೇಲೆ ಮನೆಗೆ ತಂದಿಟ್ಟೆ, ನೀವು ಕೇಳುವ ತುಂಡು ಅದೇ.

ಆಳುಗಳು ಹಲಗೆ ಇಳಿಸಿದ ಸಂಜೆಯೇ ಊರಿಗೆ ಹೋಗಿದ್ದರು. ಸಿದ್ದಪ್ಪ ಒಬ್ಬನೇ ಅಷ್ಟು ಭಾರ ಸರಿಸಲಾರ. ನಾನೇ ತಪ್ಪು ನೋಡಿದೆನೋ ಎಂದುಕೊಂಡರೆ ಅವನೂ ಆ ಖಾಲಿ ಜಾಗವನ್ನು ಕಂಡಿದ್ದ. ಎಷ್ಟು ಯೋಚಿಸಿದರೂ ನನಗೆ ಇದಕ್ಕಿಂತ ಮುಂದೆ ಹೋಗಲು ಆಗಿಲ್ಲ. ಮಾಲೀಕರಿಗೆ ಇವತ್ತಿಗೂ ಹೇಳಿಲ್ಲ.

ಪೆಟ್ಟಿಗೆಯ ಮೇಲಿನ ಪಟ್ಟೆ ಈಗ ಮಾಸಿದೆ. ಧೂಳು ಒರೆಸುವಾಗ ಆ ಜಾಗವೊಂದನ್ನು ಬಿಟ್ಟು ಒರೆಸುತ್ತೇನೆ. ನೀವೂ ಹಾಗೇ ಮಾಡಿ.