ಹಂದಿ ಡಬ್ಬದ ವಿಡಿಯೋ

ಸೀತೂರಿನ ಗಿರಿಯಮ್ಮನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ನೆರೆಮನೆಯ ಎಮ್ಮೆ ಒಂದು ಲೋಟ ಹಾಲು ಹೆಚ್ಚು ಕೊಟ್ಟರೆ ಆ ಎಮ್ಮೆಯ ಮುಖವನ್ನೂ ನೋಡದೆ ಹೋಗುವ ಹೆಂಗಸು ಅವಳು. ಆ ಎಮ್ಮೆ ನಮ್ಮದೇ ಆಗಿದ್ದರಿಂದ ಈ ಮಾತು ಹೇಳುವ ಹಕ್ಕು ನನಗುಂಟು. ಆದರೂ ಅವಳ ಕಿಚ್ಚು ಕೊಟ್ಟಿಗೆ, ಹಿತ್ತಲು, ಮದುವೆಮನೆಯ ಊಟದ ಪಂಕ್ತಿ, ಇಷ್ಟರೊಳಗೇ ಓಡಾಡಿಕೊಂಡಿತ್ತು. ಎರಡು ಸಾವಿರದ ಎಂಟನೇ ಇಸವಿಯ ದಸರಾ ರಜೆಯಲ್ಲಿ ಅದು ಇಂಟರ್ನೆಟ್ ಹತ್ತಿತು.

ಕಾರಣ ಒಂದು ಎಣ್ಣೆ ಡಬ್ಬ. ಭತ್ತ ಹಾಲುಗಟ್ಟುವ ಹೊತ್ತಿಗೆ ನಮ್ಮ ಗದ್ದೆಗಳಿಗೆ ಕಾಡುಹಂದಿ ಇಳಿಯುತ್ತವೆ. ಗಂಡಸರು ಕಾವಲು ಕೂತು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಾರೆ. ಗಿರಿಯಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಹಳ್ಳದ ನೀರನ್ನೇ ಕಾವಲಿಗೆ ಕೂರಿಸಿದಳು. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ತಂದು, ನಡುವೆ ಗೂಟಕ್ಕೆ ಸಿಕ್ಕಿಸಿ ತೂಗುಬಿಟ್ಟ, ತಲೆಯ ಕಡೆ ತೋಡಿದ ಒಂದು ಕೊರಡಿಗೆ ಬೀಳುವ ಹಾಗೆ ಮಾಡಿದಳು. ತಲೆ ತುಂಬಿದೊಡನೆ ಕೊರಡು ಬಾಗಿ ನೀರು ಚೆಲ್ಲುತ್ತದೆ, ಹಗುರಾಗಿ ಹಿಂದಕ್ಕೆ ಬೀಳುತ್ತದೆ, ಬೀಳುವಾಗ ಅದರ ಬಾಲ ಎಣ್ಣೆ ಡಬ್ಬಕ್ಕೆ ಬಡಿಯುತ್ತದೆ. ಢಣ್. ಆ ವರ್ಷ ಹಂದಿಗಳು ಗುಡ್ಡ ಬಿಟ್ಟು ಇಳಿಯಲಿಲ್ಲ. ಇಂಥದೊಂದು ಅವಳ ತವರು ಮೇಗುಂದದಲ್ಲಿ ಮೊದಲೇ ಇತ್ತೆಂದು ಕೆಲವರು ಹೇಳುತ್ತಾರೆ. ಅವಳ ಎದುರು ಯಾರೂ ಹೇಳುವುದಿಲ್ಲ.

ಅಣ್ಣ ತಮ್ಮಂದಿರು ಹಿಸ್ಸೆಯಾದಾಗ ಹಳ್ಳದ ಬದಿಯ ಗದ್ದೆ ಅವಳ ಮೈದುನನಿಗೆ ಹೋಯಿತು, ಅದರೊಂದಿಗೆ ಡಬ್ಬವೂ ಹೋಯಿತು. ಸದ್ದು ಎರಡು ಗದ್ದೆಗೂ ಕೇಳುತ್ತದಲ್ಲ ಎಂದು ಯಾರೂ ಜಗಳ ತೆಗೆಯಲಿಲ್ಲ. ಮೈದುನನ ಹೆಂಡತಿ ತುಂಗಮ್ಮ ಡಬ್ಬದ ತಂಟೆಗೇ ಹೋಗುವವಳಲ್ಲ. ವರ್ಷ ವರ್ಷ ದಂಬೆ ಬದಲಿಸುವುದು, ಕೊರಡಿನ ತೂಕ ಸರಿ ಮಾಡುವುದು ಎಲ್ಲ ಗಿರಿಯಮ್ಮನೇ.

ತುಂಗಮ್ಮನ ಮಗ ಯಶವಂತ ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದ. ಕೈಗೊಂದು ಸಣ್ಣ ಕ್ಯಾಮೆರಾ ಸಿಕ್ಕಿದ್ದೇ ತಡ, ಸೋಜಿಗದ ಸಂಗತಿಗಳ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವ ಹುಚ್ಚು ಹಿಡಿಯಿತು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುವುದೇಕೆ ಎಂದು ಒಂದು ವಿಡಿಯೋ. ಊರ ಹೊರಗಿನ ವೀರಗಲ್ಲಿನಲ್ಲಿ ಯಾರು ಯಾರ ಮೇಲೆ ಬಿಲ್ಲೆತ್ತಿದ್ದಾರೆ ಎಂದು ಇನ್ನೊಂದು. ಇವೆರಡನ್ನೂ ಗಿರಿಯಮ್ಮ ಬಾಯ್ತುಂಬ ಹೊಗಳಿದಳು. ಸುಣ್ಣ ಯಾರ ಸ್ವತ್ತೂ ಅಲ್ಲ, ವೀರಗಲ್ಲಿನವನು ಹೇಗೂ ಸತ್ತಿದ್ದಾನೆ. ಮೂರನೆಯದು ಡಬ್ಬದ ವಿಡಿಯೋ. ಅದರಲ್ಲಿ ತುಂಗಮ್ಮ ಇಸ್ತ್ರಿ ಸೀರೆ ಉಟ್ಟು ಡಬ್ಬದ ಪಕ್ಕ ನಗುತ್ತ ನಿಂತಿದ್ದಳು. ಹುಡುಗ ಅದಕ್ಕೆ ಇಟ್ಟ ಹೆಸರು 'ನಮ್ಮಮ್ಮನ ಹಂದಿ ಡಬ್ಬ'.

ಎನ್.ಆರ್. ಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಫೈಜಲ್‌ನ ಕಂಪ್ಯೂಟರ್ ಅಂಗಡಿ. ಸಂತೆಯ ದಿನ ನಾನೂ ಗಿರಿಯಮ್ಮನೂ ಅಲ್ಲಿ ಬೆಂಚಿನ ಮೇಲೆ ಕೂತು ನೋಡಿದೆವು. ಹೆಸರನ್ನು ಫೈಜಲ್ ಓದಿ ಹೇಳಿದ್ದೇ ಗಿರಿಯಮ್ಮ ಅರ್ಧ ಎದ್ದಳು.

"ನಮ್ಮಮ್ಮನ ಅಂತೆ! ಆ ಕೊರಡಿನ ತಲೆ ಯಾವ್ದು ಬಾಲ ಯಾವ್ದು ಅಂತ ಇವಳಿಗೆ ಗೊತ್ತಿಲ್ಲ ಮಾರಾಯ್ತಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!"

"ಹುಡುಗನ ಹತ್ರ ಒಂದು ಮಾತು ಹೇಳೇ. ಹೆಸರು ಬದಲಾಯಿಸ್ತಾನೆ" ಎಂದೆ.

"ನಾನು ಕೇಳೋದಾ? ಕೇಳಿ ತಗೊಳ್ಳೋಕೆ ಅದೆಂತ ಕಡ ಮಜ್ಜಿಗೆಯಾ?"

ಆಮೇಲೆ ಅವಳು ಒಂದು ಸಂತೆಯನ್ನೂ ಬಿಡಲಿಲ್ಲ. ಕಂಡ ಕಂಡ ಪರಿಚಯದವರನ್ನೆಲ್ಲ ಕೈಹಿಡಿದು ಅಂಗಡಿಗೆ ಎಳೆದು ತರುವುದು, ವಿಡಿಯೋ ಹಾಕಿಸುವುದು, ತುಂಗಮ್ಮ ನಿಂತ ಭಂಗಿಯೇ ತಪ್ಪು, ಆ ಜಾಗದಲ್ಲಿ ನಿಂತರೆ ಕೊರಡು ಕಾಲಿಗೆ ಬಡಿಯುತ್ತದೆ ಎಂದು ಬೆರಳಿಟ್ಟು ತೋರಿಸುವುದು. ನೆಟ್ ನಿಧಾನ, ನಡುವೆ ನಿಂತರೆ ಮತ್ತೆ ಮೊದಲಿನಿಂದ. ಬಂದವರು ಎಲ್ಲ ಕೇಳಿಸಿಕೊಂಡು, ಕೊನೆಗೆ "ಡಬ್ಬ ಮಾತ್ರ ಭಾರಿ ಲಾಯಕ್ಕುಂಟು, ತುಂಗಮ್ಮ ಜಾಣೆ ಬಿಡು" ಎಂದು ಎದ್ದು ಹೋಗುತ್ತಿದ್ದರು. ಅವಳ ಹೊಟ್ಟೆಯೊಳಗೆ ಬೆಂಕಿಗೆ ಸೀಮೆಎಣ್ಣೆ ಸುರಿದಂತಾಗುತ್ತಿತ್ತು.

ಒಂದು ದಿನ ಫೈಜಲ್ ವಿಡಿಯೋದ ಕೆಳಗಿನ ಸಂಖ್ಯೆ ತೋರಿಸಿ ನಕ್ಕ.

"ಅಮ್ಮಾ, ನೀವು ಒಂದೊಂದು ಸಲ ನೋಡಿದಾಗ್ಲೂ ಈ ನಂಬರ್ ಮೇಲೆ ಹೋಗ್ತದೆ. ನೋಡಿದವರಲ್ಲಿ ಅರ್ಧ ನೀವೇ ಇರ್ಬೇಕು."

ಗಿರಿಯಮ್ಮನ ಮುಖ ಕಪ್ಪಿಟ್ಟಿತು. ತುಂಗಮ್ಮನನ್ನು ಇಷ್ಟು ದಿನ ಹೊತ್ತು ಮೆರೆಸಿದ್ದು ತಾನೇ ಎಂದು ಆಗ ಗೊತ್ತಾಯಿತು. "ನಂಬರ್ ಏರದ ಹಾಗೆ ನೋಡೋಕೆ ಬರಲ್ವೇನಪ್ಪ?" ಎಂದಳು.

ಆ ದಿನವೇ ಫೈಜಲ್ ಇನ್ನೊಂದು ಸುದ್ದಿ ಹೇಳಿದ. ಜಪಾನಿನವನೊಬ್ಬ ವಿಡಿಯೋದ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದನಂತೆ, ತಮ್ಮಲ್ಲೂ ತೋಟಗಳಲ್ಲಿ ಬಿದಿರಿನದು ಇಂಥದ್ದೇ ಹಿಂದಿನಿಂದ ಇದೆ ಎಂದು. ಗಿರಿಯಮ್ಮ ಹಿಗ್ಗಿಹೋದಳು. "ನೋಡಿದ್ಯಾ, ಇದು ಇವಳದ್ದಲ್ಲ ಅಂತ ಅಷ್ಟು ದೂರದವನಿಗೂ ಗೊತ್ತು!" ಬಸ್ಸು ಹತ್ತಿದ ಮೇಲೆ ಮಾತ್ರ ಅವಳ ಮಾತು ನಿಂತಿತು. ಅವನ ಮಾತು ನಿಜವಾದರೆ ಡಬ್ಬ ತನ್ನದೂ ಅಲ್ಲವಲ್ಲ. ಊರು ಹತ್ತಿರವಾಗುವಾಗ ನನ್ನ ಭುಜ ತಟ್ಟಿ, "ಜಪಾನಲ್ಲಿ ಹಂದಿ ಕಾಟ ಉಂಟಂತಾ?" ಎಂದು ಕೇಳಿದಳು. ನನಗೇನು ಗೊತ್ತು? ಉಂಟಂತೆ ಎಂದೆ. ರಾತ್ರಿ ಊಟ ಮಾಡಲಿಲ್ಲ ಎಂದು ಅವಳ ಗಂಡ ಸುಬ್ಬಯ್ಯ ಮಾರನೆ ದಿನ ಹೇಳಿದರು.

ದೀಪಾವಳಿಗೆ ಯಶವಂತ ಮತ್ತೆ ಊರಿಗೆ ಬಂದ. ಹಬ್ಬದ ಮರುದಿನ ಡಬ್ಬದ ಇನ್ನೊಂದು ವಿಡಿಯೋ ಮಾಡುವುದಿದೆ, ಅಮ್ಮನೇ ಹೇಳಿದ್ದು ಎಂದು ಕೇರಿಗೆಲ್ಲ ಸಾರಿದ. ಒಂದು ಸಲ ಮೆರೆದದ್ದು ಸಾಲದೆ ಎರಡನೇ ಸಲ ಬೇರೆ! ಗಿರಿಯಮ್ಮ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗಲೇ ನನಗೆ ಭಯ.

ಹಬ್ಬದ ಮರುದಿನ ಬೆಳಿಗ್ಗೆ ಎಮ್ಮೆ ಬಿಡಲು ಹೋದಾಗ ನೋಡಿದೆ, ಗಿರಿಯಮ್ಮ ಸೀರೆ ಎತ್ತಿ ಕಟ್ಟಿ ಹಳ್ಳದ ಮೇಲಿನ ತಿರುವಿನಲ್ಲಿ ಬಗ್ಗಿದ್ದಾಳೆ. ದಂಬೆಗೆ ನೀರು ಹೊರಳುವ ಬಾಯಿ ಅಲ್ಲಿದೆ, ಸುತ್ತ ಜರಿಗಿಡ ಬೆಳೆದು ಕೆಳಗಿನಿಂದ ಕಾಣುವುದಿಲ್ಲ. ಒದ್ದೆ ಹುಲ್ಲಿನ ಮುದ್ದೆ ತುರುಕಿ, ಅದರ ಮೇಲೆ ಒಂದು ಕಲ್ಲು ಒತ್ತಿ, ಜರಿಗಿಡವನ್ನು ಮೊದಲಿನಂತೆ ಸರಿಮಾಡಿ ಎದ್ದಳು. ಕೆಳಗೆ ಡಬ್ಬದ ಸದ್ದು ನಿಂತಿತು. ನಾನು ಎಮ್ಮೆಯ ಮರೆಗೆ ಸರಿದೆ. ಹೇಳಬೇಕಿತ್ತೇನೋ, ಆದರೆ ಇಬ್ಬರು ಓರಗಿತ್ತಿಯರ ನಡುವೆ ಬಾಯಿ ಹಾಕುವಷ್ಟು ದಡ್ಡಿ ನಾನಲ್ಲ.

ಬಿಸಿಲೇರಿದ ಮೇಲೆ ಯಶವಂತ ಕ್ಯಾಮೆರಾ ಹಿಡಿದು ನಿಂತ. ತುಂಗಮ್ಮ ಹಬ್ಬದ ಸೀರೆಯಲ್ಲೇ ಬಂದಿದ್ದಳು. ಡಬ್ಬ ಸುಮ್ಮನಿತ್ತು. ಅವಳು ಕೊರಡನ್ನು ಅಲ್ಲಾಡಿಸಿದಳು, ಡಬ್ಬ ತಟ್ಟಿದಳು, ಒಣಗಿದ ದಂಬೆಯೊಳಗೆ ಇಣುಕಿದಳು. ಅಂಗಳದ ತುದಿಯಲ್ಲಿ ಅಡಿಕೆ ಹೆಕ್ಕುವ ನೆಪದಲ್ಲಿ ನಿಂತಿದ್ದ ಗಿರಿಯಮ್ಮನ ಮುಖ ನೋಡಬೇಕಿತ್ತು, ತಿಂಗಳಿನಿಂದ ಕಾಣದ ಕಳೆ! ಈಗ ತಿಳಿಯಲಿ ಲೋಕಕ್ಕೆ, ಇವಳಿಗೆ ಏನೂ ಬರುವುದಿಲ್ಲವೆಂದು.

ತುಂಗಮ್ಮ ಕ್ಯಾಮೆರಾ ಕಡೆ ತಿರುಗಿದಳು.

"ಇದು ನನಗೆ ತಿಳಿಯಲ್ಲ. ಇದನ್ನ ಕಟ್ಟಿದ್ದು ನಮ್ಮ ಅಕ್ಕ. ಯಶೂ, ದೊಡ್ಡಮ್ಮನ್ನ ಕರಿ."

ಇದನ್ನು ಗಿರಿಯಮ್ಮ ಎಣಿಸಿರಲಿಲ್ಲ. ಆದರೂ ಸೆರಗು ಸರಿಮಾಡಿಕೊಂಡು ಗದ್ದೆಗಿಳಿದಳು, ಅಷ್ಟು ದಿನ ಹಂಬಲಿಸಿದ ಕ್ಯಾಮೆರಾದ ಎದುರು ಹಾದಳು, ಸೀದಾ ಹಳ್ಳದ ಮೇಲಿನ ತಿರುವಿಗೆ ಹತ್ತಿದಳು. ಹುಡುಗ ಕ್ಯಾಮೆರಾ ನಿಲ್ಲಿಸದೆ ಹಿಂದೆಯೇ ಹೋದ. ಜರಿಗಿಡ ಸರಿಸಿ ಅವಳು ಕಲ್ಲು ಎತ್ತಿದಳು, ಹುಲ್ಲು ಎಳೆದಳು. ನೀರು ಹರಿಯಿತು. ಢಣ್.

ಮುಂದಿನ ಸಂತೆಗೆ ಗಿರಿಯಮ್ಮ ತಾನಾಗಿಯೇ ತುಂಗಮ್ಮನನ್ನು ಕರೆದಳು. ಮೂವರೂ ಹೋದೆವು. ವಿಡಿಯೋದ ಹೆಸರು 'ದೊಡ್ಡಮ್ಮನ ಡಬ್ಬ'. ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದರು.

"ಡಾಕ್ಟರು ನಾಡಿ ಹಿಡಿದ ಹಾಗೆ ಹಿಡಿದ್ರಲ್ಲ ಅಮ್ಮ! ಎಲ್ಲಿ ಕಟ್ಟಿದೆ ಅಂತ ಒಂದೇ ಸಲಕ್ಕೆ ಗೊತ್ತಾಯ್ತಲ್ಲ!" ಎಂದ ಫೈಜಲ್.

ಗಿರಿಯಮ್ಮ ಉಬ್ಬಿ ಹೋದಳು. ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು. ನಂಬರ್ ಏರುತ್ತದಲ್ಲ, ಏರಲಿ. ತುಂಗಮ್ಮ ಮಾತ್ರ ಪರದೆಯ ಹತ್ತಿರ ಬಗ್ಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಅಕ್ಕಾ," ಎಂದಳು ಮೆಲ್ಲಗೆ, "ನೀವು ಡಬ್ಬದ ಕಡೆ ತಿರುಗಿ ಸಹ ನೋಡ್ಲಿಲ್ಲ. ಕೊರಡು ಮುಟ್ಟಲಿಲ್ಲ. ನೇರ ಆ ಕಲ್ಲಿನ ಹತ್ರಕ್ಕೇ ಹೋದ್ರಿ."

"ಅನುಭವ ಕಣೇ ಅದು" ಎಂದಳು ಗಿರಿಯಮ್ಮ.

"ಇರ್ಬೇಕು." ತುಂಗಮ್ಮ ನೆಟ್ಟಗೆ ಕೂತಳು. "ಹೆಸರು ತಪ್ಪಾಯ್ತು, ಅಕ್ಕನ್ನ ನಿಲ್ಲಿಸಿ ಇನ್ನೊಂದು ವಿಡಿಯೋ ಮಾಡು ಅಂತ ನಾನೇ ಯಶುಗೆ ಹೇಳಿದ್ದೆ. ಅವತ್ತು ಎರಡು ಮಾತು ಹೇಳಿ ನಿಮ್ಮನ್ನ ಕರೆಯೋದು ಅಂತಿತ್ತು."

ಗಿರಿಯಮ್ಮ ಫೈಜಲ್ ಕಡೆ ತಿರುಗಿ, "ಇದನ್ನ ಅಳಿಸಿಬಿಡಪ್ಪ" ಎಂದಳು.

"ನನ್ನ ಕೈಯಲ್ಲಿಲ್ಲ ಅಮ್ಮ. ಯಾವ ಊರಲ್ಲಿ ಕೂತವರು ಬೇಕಾದ್ರೂ ನೋಡ್ತಾರೆ. ಯಾಕೆ, ಚಲೋ ಬಂದಿದ್ಯಲ್ಲ?"

ಆಗಷ್ಟೇ ಒಳಬಂದ ಯಾರೋ ತಮಗೂ ಒಮ್ಮೆ ತೋರಿಸಿ ಎಂದರು. ಫೈಜಲ್ ಮತ್ತೆ ಹಾಕಿದ. ಪರದೆಯ ಮೇಲೆ ಗಿರಿಯಮ್ಮ ಸೆರಗು ಸರಿಮಾಡಿಕೊಂಡು ಜರಿಗಿಡದ ಕಡೆ ಹೊರಟಳು. ಬೆಂಚಿನ ಮೇಲಿದ್ದ ಗಿರಿಯಮ್ಮ ತಲೆ ಎತ್ತಲಿಲ್ಲ.