ಬಳೆ ತಿರುಗಿಸುತ್ತಿದ್ದ ಗ್ರೇಸ್ ಡಾಕ್ಟರು

ಗ್ರೇಸ್ ಡಾಕ್ಟರು ಬಸುರಿಯರ ಮುಖ ನೋಡುವ ಮೊದಲು ಬಳೆ ನೋಡುತ್ತಿದ್ದರು. ಬಳೆಯೊಳಗೆ ತೋರುಬೆರಳು ತೂರಿಸಿ ಒಂದು ಸುತ್ತು ತಿರುಗಿಸುವರು. ಸರಾಗವಾಗಿ ತಿರುಗಿದರೆ "ಓಕೆ ಮಾ, ಹೋಗು". ತಿರುಗದಿದ್ದರೆ ಕೈ ಊದಿದೆ ಎಂದರ್ಥ, ಕೂಡಲೇ ಬಿ.ಪಿ. ಪಟ್ಟಿ ಕಟ್ಟುವರು. ರಸೆಲ್ ಮಾರ್ಕೆಟ್ಟಿನಲ್ಲಿ ಮೀನು ಕೊಳ್ಳುತ್ತಾ ಗುರುತಿಲ್ಲದ ಬಸುರಿಯ ಬಳೆಗೂ ಬೆರಳು ಹಾಕಿ ಬೈಸಿಕೊಂಡಿದ್ದರಂತೆ. ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಚೆನ್ನಾಗಿ ಬೈಯಬಲ್ಲವರು.

ತೊಂಬತ್ತರ ದಶಕದ ಕೊನೆ. ಲಿಂಗರಾಜಪುರದ ವಠಾರದಲ್ಲಿದ್ದ ನಾನು ಚೊಚ್ಚಲ ಬಸುರಿ. ಪಕ್ಕದ ಕೋಣೆಯ ಶಿವಮ್ಮನಿಗೂ ಅದೇ ತಿಂಗಳು. ಯಾದಗಿರಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಇಬ್ಬರೂ ಗ್ರೇಸ್ ಡಾಕ್ಟರಿದ್ದ ಕಂಟೋನ್ಮೆಂಟಿನ ಸಣ್ಣ ಆಸ್ಪತ್ರೆಗೆ ಒಟ್ಟಿಗೇ ಹೋಗುತ್ತಿದ್ದೆವು. ಬಸಿರಿನಲ್ಲಿ ಬಿ.ಪಿ. ಏರಿ, ಫಿಟ್ಸ್ ಬಂದು ಸಾಯುವವರನ್ನು ರಕ್ತ ನೋಡಿ ಮೊದಲೇ ಗುರುತಿಸಬೇಕೆಂದು ಡಾಕ್ಟರು ಆಗ ಹಟ ಹಿಡಿದು ಅಧ್ಯಯನ ಮಾಡುತ್ತಿದ್ದರು.

"ಗಾಯ ಆದ್ರೆ ಕೆಂಪಗೆ ಊದ್ಕೊಳುತ್ತಲ್ಲ, ಆವಾಗ ರಕ್ತದಲ್ಲಿ ಕೆಲವು ಪ್ರೋಟೀನ್ ಜಾಸ್ತಿ ಆಗುತ್ತೆ. ಬಸುರೀಲಿ ಗಾಯ ಇಲ್ದೇನೂ ಸ್ವಲ್ಪ ಏರುತ್ತೆ ಮಾ, ಅದು ನಾರ್ಮಲ್. ಒಲೇಲಿ ಬೆಂಕಿ ಇರ್ಲೇಬೇಕು. ಸೂರಿಗೆ ಹತ್ಬಾರ್ದು ಅಷ್ಟೇ. ಯಾರಿಗೆ ಹತ್ತುತ್ತೆ ಅಂತ ಮೊದ್ಲೇ ಗೊತ್ತಾಗ್ಬೇಕು ನಂಗೆ" ಎಂದು ನಮ್ಮಿಬ್ಬರ ರಕ್ತವನ್ನೂ ತೆಗೆದುಕೊಂಡರು.

ಶಿವಮ್ಮನ ಸೀಮಂತವಾಯಿತು. ಅವರ ಕಡೆ ಅದಕ್ಕೆ ಕುಬಸ ಎನ್ನುತ್ತಾರೆ. ಮೊಣಕೈವರೆಗೆ ಹಸಿರು ಬಳೆ. ಡಾಕ್ಟರು ತಿರುಗಿಸಿ ನೋಡಿ, "ಇದು ಬಿಗಿಯಾದ್ರೆ ಒಡೆದ್ಹಾಕ್ತೀನಿ ನೋಡು" ಎಂದರು.

"ಯವ್ವಾ! ಕುಬಸದ ಬಳಿ ಒಡಿಬಾರದ್ರೀ, ಕೂಸಿಗೆ ಚಲೋ ಅಲ್ಲ" ಎಂದು ಶಿವಮ್ಮ ಸೆರಗಿನೊಳಗೆ ಕೈ ಬಚ್ಚಿಟ್ಟಳು. ಎಲ್ಲರೂ ನಕ್ಕೆವು.

ಎಂಟನೇ ತಿಂಗಳಲ್ಲಿ ನಾನು ಕೆ.ಆರ್. ಪುರದ ತವರಿಗೆ ಹೋದೆ. ಡಾಕ್ಟರು ಸ್ಕೂಟರಿನಲ್ಲಿ ಅಲ್ಲಿಗೂ ಬರತೊಡಗಿದರು. ಬಂದಾಗಲೆಲ್ಲ ಬಳೆ, ಬಿ.ಪಿ., ಬೈಗುಳ. ನನ್ನ ಮೇಲೆ ಇದೇನು ಅಕ್ಕರೆಯೋ ಎಂದು ಅಮ್ಮನಿಗೆ ಹಿಗ್ಗು. ಶಿವಮ್ಮ ಬರುತ್ತಿದ್ದಾಳಾ ಎಂದು ಒಮ್ಮೆ ಕೇಳಿದೆ. "ಇಲ್ಲ, ಕೆಲಸ ಇರುತ್ತೆ ಪಾಪ. ಅವಳಿಗೇನೂ ಆಗಲ್ಲ ಬಿಡು" ಎಂದರು.

ನನಗೆ ಸುಸೂತ್ರವಾಗಿ ಹೆಣ್ಣುಮಗುವಾಯಿತು. ವಠಾರಕ್ಕೆ ಮರಳಿದಾಗ ಪಕ್ಕದ ಕೋಣೆಗೆ ಬೀಗ. ಶಿವಮ್ಮನ ಬಳೆಗಳು ಬಿಗಿಯಾಗಿದ್ದವಂತೆ. ಡಾಕ್ಟರು ಒಡೆದುಬಿಡುತ್ತಾರೆಂದು ಹೆದರಿ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಮೈ ತುಂಬಿಕೊಂಡಿದ್ದಾಳೆಂದು ವಠಾರದವರೂ ಸಂತೋಷಪಟ್ಟರಂತೆ. ಫಿಟ್ಸ್ ಬಂದ ಮೇಲೆ ಆಟೋದಲ್ಲಿ ಒಯ್ದರು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಆಮೇಲೆ ಡಾಕ್ಟರು ಯಾರ ಬಳೆಯನ್ನೂ ಮುಟ್ಟಲಿಲ್ಲ ಎಂದು ನರ್ಸು ಹೇಳಿದಳು. ಅಧ್ಯಯನವನ್ನೂ ಬಿಟ್ಟರಂತೆ.

ಕೊನೆಯ ಸಲ ಅವರನ್ನು ಕಂಡಿದ್ದು ಹಲಸೂರಿನ ಅವರ ಮನೆಯಲ್ಲಿ. ಆಗಲೇ ಕಾಯಿಲೆ ಬಿದ್ದಿದ್ದರು. ನನ್ನ ಜೊತೆಗೆ ಬಂದಿದ್ದ ನನ್ನ ಮಗಳು ಆಗ ಶಾಲೆಗೆ ಹೋಗುತ್ತಿದ್ದಳು, ಕೈತುಂಬ ಗಾಜಿನ ಬಳೆ. ಡಾಕ್ಟರ ಬೆರಳು ಅದರತ್ತ ಬಂದು ಅರ್ಧಕ್ಕೇ ನಿಂತಿತು.

"ನಿನ್ನ ರಕ್ತದಲ್ಲಿ ಆ ಪ್ರೋಟೀನ್ ಜಾಸ್ತಿ ಇತ್ತು ಮಾ" ಎಂದರು. "ತುಂಬಾ ಜಾಸ್ತಿ. ಅದಕ್ಕೇ ನಿನ್ನ ಹಿಂದೇನೇ ಓಡ್ದೆ. ಶಿವಮ್ಮಂದು ನಾರ್ಮಲ್ ಇತ್ತು. ಒಂದ್ಸಲಾನೂ ಅವಳ ಮನೆಗೆ ಹೋಗ್ಲಿಲ್ಲ."

ಕೆ.ಆರ್. ಪುರದ ರಸ್ತೆಯಲ್ಲಿ ಬರುತ್ತಿದ್ದ ಆ ಸ್ಕೂಟರು ಲಿಂಗರಾಜಪುರದಲ್ಲಿ ನಿಲ್ಲಬೇಕಿತ್ತು.

ಮಗಳಿಗೆ ಇದೇನೂ ತಿಳಿಯದು. ಬಳೆ ತಿರುಗಿಸುವ ಡಾಕ್ಟರಜ್ಜಿಯ ಕಥೆಯನ್ನು ನನ್ನಿಂದಲೇ ಕೇಳಿದ್ದವಳು, "ನಂದೂ ತಿರುಗ್ಸಿ ಅಜ್ಜಿ" ಎಂದು ಕೈ ಚಾಚಿದಳು. ಡಾಕ್ಟರು ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು.